ಸಿಲ್ವರ್ ವ್ಯಾಗನ್‌ಆರ್‌ಗೆ ಟಚ್-ಅಪ್ ಕಿಟ್: ಎರಡು ಮಳೆಗಾಲ ಕಳೆದ ಮೇಲೆ

ಮೊದಲು ಬ್ರಷ್ ವಿಷಯ ಹೇಳಿಬಿಡುತ್ತೇನೆ. ಕಾರಿನ ಪೇಂಟ್ ಎದ್ದ ಜಾಗಕ್ಕೆ ನಾವೇ ಬಣ್ಣ ಹಚ್ಚಿಕೊಳ್ಳುವ ಈ ಕಿಟ್ ಮೇಲೆ ನನಗಿರುವ ಸಿಟ್ಟಿನಲ್ಲಿ ಮುಕ್ಕಾಲು ಪಾಲು ಅದರದ್ದೇ. ಬಣ್ಣದ ಬಾಟಲಿಯ ಮುಚ್ಚಳಕ್ಕೆ ಅಂಟಿಕೊಂಡೇ ಬರುತ್ತದೆ, ಥೇಟ್ ನೇಲ್ ಪಾಲಿಶ್ ಬ್ರಷ್. ಬಾನೆಟ್ ಮೇಲೆ ಜಲ್ಲಿ ಹಾರಿ ಬಡಿದು ಪೇಂಟ್ ಎದ್ದ ಜಾಗ ಹೆಚ್ಚೆಂದರೆ ಎರಡು ಮಿಲಿಮೀಟರ್. ಬ್ರಷ್ಷಿನ ತುದಿ ಅದರ ಎರಡರಷ್ಟು ಅಗಲ. ಅದ್ದಿ ಇಟ್ಟರೆ ಬಣ್ಣ ಗುಂಡಿಯೊಳಗೆ ಇಳಿಯುವ ಬದಲು ಸುತ್ತಲಿನ ಒಳ್ಳೇ ಪೇಂಟಿನ ಮೇಲೆ ಕೂರುತ್ತದೆ. ಒಣಗಿದ ಮೇಲೆ ಬೆರಳಾಡಿಸಿದರೆ ಗುಳ್ಳೆ ಸಿಗುತ್ತದೆ. ಹೊಂಡ ಹೋಗಿ ದಿಬ್ಬ ಬಂತು, ಅಷ್ಟೇ.

ಐನೂರು ಚಿಲ್ಲರೆ ರೂಪಾಯಿ ತೆಗೆದುಕೊಳ್ಳುವವರಿಗೆ ಒಂದು ಸಣ್ಣ ಬ್ರಷ್ ಹಾಕಲು ಏನು ಧಾಡಿಯೋ! ನಾನೀಗ ಆ ಬ್ರಷ್ಷನ್ನು ಬಾಟಲಿ ಕಲಕಲು ಮಾತ್ರ ಬಳಸುತ್ತೇನೆ. ಬಣ್ಣ ಇಡುವುದು ಟೂತ್‌ಪಿಕ್ಕಿನಲ್ಲಿ. ಚೂಪು ತುದಿಯನ್ನು ಸಿಮೆಂಟ್ ನೆಲಕ್ಕೆ ಒಂದು ಸಲ ಉಜ್ಜಿ ಸ್ವಲ್ಪ ಮೊಂಡು ಮಾಡಿಕೊಳ್ಳಬೇಕು, ಆಗ ಹನಿ ಅದರ ಮೇಲೆ ನಿಲ್ಲುತ್ತದೆ. ಗುಂಡಿಯ ನಡುವೆ ಮುಟ್ಟಿಸಿ ಕೈ ಹಿಂದಕ್ಕೆ ತೆಗೆದರೆ ಸಾಕು. ಬಣ್ಣ ತಾನಾಗೇ ಅಂಚಿನವರೆಗೆ ಹರಿದು ನಿಲ್ಲುತ್ತದೆ. ಅದನ್ನು ನೋಡುವುದೇ ಒಂದು ಖುಷಿ, ಸುಳ್ಳಲ್ಲ.

ಕಿಟ್ಟಿನಲ್ಲಿ ಏನೇನಿರುತ್ತದೆ ಅಂತ ಮಾರುವವರ ಫೋಟೋದಲ್ಲಿ ನೀವೇ ನೋಡಿರುತ್ತೀರಿ, ಅದನ್ನು ಮತ್ತೆ ಬರೆಯುವುದಿಲ್ಲ. ಬ್ರ್ಯಾಂಡ್ ಹೆಸರೂ ಬೇಡ. ಕಲರ್ ಕೋಡ್ ಮಾತ್ರ ಸರಿಯಾಗಿ ನೋಡಿಕೊಳ್ಳಿ. ಕಾರಿನ ಐಡಿ ಪ್ಲೇಟ್ ಮಾಡೆಲ್ ಪ್ರಕಾರ ಬಾನೆಟ್ ಒಳಗೋ ಬಾಗಿಲ ಕಂಬದ ಹತ್ತಿರವೋ ಇರುತ್ತದೆ, ಕೋಡ್ ಅದರಲ್ಲೇ ಹುಡುಕಿ. ಮಾರುತಿಯ ಸಿಲ್ಕಿ ಸಿಲ್ವರ್‌ಗೆ ಝಡ್2ಎಸ್, ಸುಪೀರಿಯರ್ ವೈಟ್‌ಗೆ 26ಯು. 'ಸಿಲ್ವರ್ ಕೊಡಿ' ಅಂತ ಸುಮ್ನೆ ಕೇಳಿದರೆ ಯಾವುದೋ ಸಿಲ್ವರ್ ಬರುತ್ತದೆ.

ನಮ್ಮದು 2014ರ ವ್ಯಾಗನ್‌ಆರ್, ಸೆಕೆಂಡ್ ಹ್ಯಾಂಡ್. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಓಡಾಟ ಜಾಸ್ತಿ. ಗಾಜನೂರು ದಾಟಿ ಮಂಡಗದ್ದೆ ಕಡೆ ಹೋಗುವಾಗ ಮುಂದೆ ಜಲ್ಲಿ ತುಂಬಿದ ಟಿಪ್ಪರ್ ಸಿಕ್ಕಿತು ಅಂದರೆ ಮುಗಿಯಿತು. ತಿರುವುಗಳಲ್ಲಿ ಓವರ್‌ಟೇಕ್ ಮಾಡಲಾಗದು, ಹಿಂದೆ ಉಳಿದರೆ ಟಪ್ ಟಪ್ ಅಂತ ಬಾನೆಟ್ಟಿಗೆ ಬೀಳುತ್ತಲೇ ಇರುತ್ತದೆ. ಊರಲ್ಲಿ ಓಡಿಸುವವರಿಗೆ ಪೇಂಟ್ ಚಕ್ಕೆ ಏಳುವುದು ಬರೀ ಅಂದದ ವಿಷಯ ಇರಬಹುದು. ಮಲೆನಾಡಿನಲ್ಲಿ ಹಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಒಣಗುವುದೇ ಅಪರೂಪ. ತಗಡು ಕಂಡ ಜಾಗದಲ್ಲಿ ಕಂದು ಚುಕ್ಕೆ ಬರಲು ಹೆಚ್ಚು ದಿನ ಬೇಡ. ಆಮೇಲೆ ತುಕ್ಕು ಪೇಂಟಿನ ಅಡಿಗೆ ನುಗ್ಗಿ ಸುತ್ತ ಉಬ್ಬಿಸುತ್ತದೆ.

ಗ್ಯಾರೇಜಿನಲ್ಲಿ ಕೇಳಿದಾಗ ಬಾನೆಟ್ ಪೂರ್ತಿ ಹೊಡೆಯಲು ನಾಲ್ಕು ಸಾವಿರ ಹೇಳಿದರು. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಅದಕ್ಕೂ ಮೇಲೆ, ಜೊತೆಗೆ ಶೇ. 18 ಜಿಎಸ್‌ಟಿ. 'ಇನ್ಶೂರೆನ್ಸ್ ಇದೆಯಲ್ಲ ಸಾರ್, ಕ್ಲೇಮ್ ಹಾಕಿ' ಅಂತ ಅಲ್ಲಿಯ ಹುಡುಗ ಬಹಳ ಉತ್ಸಾಹದಿಂದ ಹೇಳಿದ. ಲೆಕ್ಕ ಹಾಕಿದರೆ ಅದರಲ್ಲಿ ಹುರುಳಿಲ್ಲ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಹಾಕದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಕಾರಿನ ಜೊತೆ ಬರುವುದಿಲ್ಲ, ಅದು ಮಾಲೀಕನದ್ದು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ನನ್ನಂಥವರು ಸೊನ್ನೆಯಿಂದ ಶುರು ಮಾಡಬೇಕು. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ. 20, ಎರಡನೆಯದಕ್ಕೆ 25, ಹೀಗೆ 50ರವರೆಗೆ ಏರುತ್ತದೆ. ಒಂದು ಕ್ಲೇಮ್ ಹಾಕಿದರೆ ಮತ್ತೆ ಸೊನ್ನೆ. ಮೇಲಿಂದ 1500 ಸಿಸಿ ಒಳಗಿನ ಕಾರಿಗೆ ಕ್ಲೇಮಿನಲ್ಲಿ ನಾವೇ ಭರಿಸಬೇಕಾದ ಕಡ್ಡಾಯ ಕಡಿತ ಸಾವಿರ ರೂಪಾಯಿ ಬೇರೆ. ಕಾರಿಗೆ ಹತ್ತು ವರ್ಷ ದಾಟಿದ ಮೇಲೆ ನಾಲ್ಕು ಜಲ್ಲಿ ಕಲ್ಲಿಗೆ ಈ ಉಸಾಬರಿ ಯಾರಿಗೆ ಬೇಕು?

ಹಾಗಾಗಿ ಕಿಟ್. ಬಂದ ದಿನವೇ ಎರಡನೇ ಕೊರತೆ ಕಣ್ಣಿಗೆ ಬಿತ್ತು: ತಗಡಿಗೆ ಬಣ್ಣ ಹಿಡಿಸುವ ಪ್ರೈಮರ್ ಇಲ್ಲ. ಕಾರಿನ ಪೇಂಟ್ ಅಂದರೆ ಒಂದೇ ಪದರ ಅಲ್ಲವಲ್ಲ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣದ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸುಮಾರು 100ರಿಂದ 150 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳದ ಗೀರು ಕ್ಲಿಯರ್ ಕೋಟಿನಲ್ಲೇ ಇದೆ ಅಂತ ಅರ್ಥ. ಅದಕ್ಕೆ ಬಣ್ಣ ಬೇಡ, ಉಜ್ಜಿ ಗೀರು ತೆಗೆಯುವ ಪೇಸ್ಟ್, ಅಂದರೆ ರಬ್ಬಿಂಗ್ ಕಾಂಪೌಂಡ್ ಸಾಕು. ಉಗುರು ಸಿಕ್ಕಿಕೊಂಡರೆ ಬಣ್ಣ ಬೇಕು. ತಗಡು ಕಂಡರೆ ಪ್ರೈಮರ್ ಬೇಕೇ ಬೇಕು. ಬರೀ ತಗಡಿನ ಮೇಲೆ ಬೇಸ್ ಕೋಟ್ ಇಟ್ಟರೆ ಒಂದು ಮಳೆಗಾಲ ನಿಂತರೆ ಹೆಚ್ಚು. ಕಿಟ್ ಮಾಡಿದವರಿಗೆ ಇದು ಗೊತ್ತಿಲ್ಲ ಅಂತಲ್ಲ, ಇನ್ನೊಂದು ಬಾಟಲಿಯ ಖರ್ಚು ಉಳಿಸಿದ್ದಾರೆ.

ಪ್ರೈಮರ್ ಸಿಕ್ಕಿದ್ದು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ. ಪರಿಚಯದ ಪೇಂಟರ್ ಒಬ್ಬರು ಯಾವುದೋ ಬೊಲೆರೊಗೆ ಎಪಾಕ್ಸಿ ಪ್ರೈಮರ್ ಕಲಸುತ್ತಿದ್ದರು. ವಿಷಯ ಹೇಳಿದ್ದಕ್ಕೆ ನಕ್ಕು, ಗಟ್ಟಿಯಾಗಿಸುವ ಹಾರ್ಡನರ್ ಸೇರಿಸಿದ್ದ ಪ್ರೈಮರನ್ನೇ ನೀರಿನ ಬಾಟಲಿಯ ಮುಚ್ಚಳದಲ್ಲಿ ಒಂಚೂರು ಹಾಕಿಕೊಟ್ಟರು. 'ಬೇಗ ಗಟ್ಟಿ ಆಗುತ್ತೆ ಸಾರ್, ದಾರೀಲಿ ಟೀ ಕುಡೀತಾ ಕೂರಬೇಡಿ' ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ಆ ಮುಚ್ಚಳವನ್ನು ಒಂದು ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡು ಮನೆಯವಳು ಪಕ್ಕದ ಸೀಟಿನಲ್ಲಿ ಕೂತಿದ್ದಳು. 'ಹಂಪ್ ನೋಡಿ ಓಡಿಸಿ, ಸೀರೆಗೆ ಬಿದ್ದರೆ ನಿಮ್ಮ ಕಾರಿಗಿಂತ ಜಾಸ್ತಿ ಖರ್ಚಾಗುತ್ತೆ' ಅಂತ ದಾರಿಯುದ್ದಕ್ಕೂ ಎಚ್ಚರಿಕೆ.

ಈಗ ಇದೊಂದು ಭಾನುವಾರದ ಕೆಲಸ ಆಗಿಬಿಟ್ಟಿದೆ. ಬಿಸಿಲು ಏರುವ ಮೊದಲು ಕಾರನ್ನು ಹೊಂಗೆ ಮರದ ಕೆಳಗಿನಿಂದ ಆಚೆ ತಂದು ತೊಳೆಯುತ್ತೇನೆ. ಒರೆಸಿದ ಮೇಲೆ ಮೊಬೈಲ್ ಟಾರ್ಚನ್ನು ಬಾನೆಟ್ಟಿಗೆ ಓರೆಯಾಗಿ ಹಿಡಿಯಬೇಕು. ನೇರ ಬೆಳಕಿನಲ್ಲಿ ಕಾಣದ ಚಕ್ಕೆಗಳೆಲ್ಲ ಓರೆ ಬೆಳಕಿಗೆ ಎದ್ದು ಕಾಣುತ್ತವೆ. ತುಕ್ಕು ಶುರುವಾಗಿದ್ದರೆ ಅಷ್ಟನ್ನೇ ಸೂಜಿ ತುದಿಯಲ್ಲಿ ಕೆರೆದು ತೆಗೆಯುವುದು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸುವುದು, ಇಲ್ಲದಿದ್ದರೆ ಹಳೇ ಪಾಲಿಶಿನ ಜಿಡ್ಡಿನ ಮೇಲೆ ಬಣ್ಣ ಹಿಡಿಯುವುದಿಲ್ಲ. ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು, ಒಳಗಿನ ಗೋಲಿ ಕಟಕಟ ಅನ್ನಬೇಕು. ಸಿಲ್ವರ್ ಪುಡಿ ತಳದಲ್ಲಿ ಕೂತಿರುತ್ತದೆ, ಕಲಕದೆ ಹಚ್ಚಿದರೆ ಬರೀ ಬೂದು ನೀರು. ಒಂದು ತೆಳು ಹನಿ, ಅರ್ಧ ಗಂಟೆ ಬಿಟ್ಟು ಇನ್ನೊಂದು. ಆ ಅರ್ಧ ಗಂಟೆಗೆ ಕಾಫಿ, ಪೇಪರ್. ಸುತ್ತಲಿನ ಪೇಂಟಿಗಿಂತ ಕೂದಲೆಳೆಯಷ್ಟು ತಗ್ಗಿರುವಾಗಲೇ ಬಣ್ಣ ನಿಲ್ಲಿಸಬೇಕು, ಕ್ಲಿಯರ್ ಕೋಟಿಗೆ ಜಾಗ ಬೇಕಲ್ಲ.

ಮಳೆಗಾಲದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಳಿಯಲ್ಲಿ ತೇವ ಇದ್ದಾಗ ಕಿಟ್ಟಿನ ಇಂಥ ಲ್ಯಾಕರ್ ಬಣ್ಣ ಒಣಗುತ್ತಾ ತಣ್ಣಗಾಗುತ್ತದೆ, ಅದರ ಮೇಲೆ ಹಬೆ ಕೂತು ಕ್ಲಿಯರ್ ಕೋಟ್ ಹಾಲು ಬಿಳುಪಿಗೆ ತಿರುಗುತ್ತದೆ. ಜುಲೈನಲ್ಲಿ ತುಕ್ಕು ಕಂಡರೆ ನಾನು ಕೆರೆದು, ಒಣಗಿಸಿ, ಚೂರು ಗ್ರೀಸ್ ಸವರಿ ಬಿಟ್ಟಿರುತ್ತೇನೆ. ದೀಪಾವಳಿ ಹೊತ್ತಿಗೆ ಅದನ್ನು ಚೆನ್ನಾಗಿ ಒರೆಸಿ ತೆಗೆದು ಬಣ್ಣ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಬಣ್ಣ ಮ್ಯಾಚ್ ಆಗುತ್ತಾ? ಇಲ್ಲ, ಸಿಲ್ವರ್‌ನಲ್ಲಿ ಆಗುವುದಿಲ್ಲ. ಕೋಡ್ ಸರಿ ಇದ್ದರೂ ಆಗುವುದಿಲ್ಲ. ಸಿಲ್ವರ್ ಹೊಳೆಯುವುದು ಅದರಲ್ಲಿರುವ ಅಲ್ಯೂಮಿನಿಯಂ ಚೂರುಗಳಿಂದ. ಗನ್ನಿನಲ್ಲಿ ತೆಳುವಾಗಿ ಸ್ಪ್ರೇ ಮಾಡಿದಾಗ ಅವು ಬೇಗ ಒಣಗುವ ಪದರದಲ್ಲಿ ಅಡ್ಡಡ್ಡ ಮಲಗಿಬಿಡುತ್ತವೆ. ಹನಿ ಇಟ್ಟಾಗ ಎತ್ತಲೆತ್ತಲೋ ಮುಖ ಮಾಡಿ ನಿಲ್ಲುತ್ತವೆ. ಅದಕ್ಕೇ ಎದುರಿನಿಂದ ನೋಡಿದರೆ ಹಚ್ಚಿದ ಜಾಗ ಸುತ್ತಲಿಗಿಂತ ಕಪ್ಪಗೆ, ಪಕ್ಕದಿಂದ ನೋಡಿದರೆ ಬೆಳ್ಳಗೆ. ಸಂಜೆ ಬಿಸಿಲಿಗೆ ನನ್ನ ಬಾನೆಟ್ ಮೇಲಿನ ಚುಕ್ಕೆಗಳನ್ನೆಲ್ಲ ನೀವೇ ಎಣಿಸಬಹುದು. ಹೊಸ ಕಾರಿನವರಾದರೆ ಇದನ್ನು ಸಹಿಸುವುದು ಕಷ್ಟ, ಅವರು ಪೂರ್ತಿ ಪ್ಯಾನೆಲ್ ಹೊಡೆಸುವುದೇ ವಾಸಿ.

ನನಗೆ ಮೊದಮೊದಲು ಇದು ಬಹಳ ಕಿರಿಕಿರಿ ಅನಿಸಿತ್ತು. ಒಂದು ದಿನ ಪೇಂಟರ್ ಬಂದು ಎಡಗಡೆ ಹಿಂದಿನ ಬಾಗಿಲ ರಬ್ಬರ್ ಬೀಡಿಂಗನ್ನು ಉಗುರಿನಲ್ಲಿ ಎತ್ತಿ ತೋರಿಸಿದರು. ಅಂಚಿನಲ್ಲಿ ಬೂದು ಧೂಳಿನ ಗೆರೆ, ಸ್ಪ್ರೇ ಹಾರಿದ ಗುರುತು. ಆ ಬಾಗಿಲನ್ನು ಹಿಂದಿನ ಮಾಲೀಕರೇ ಹೊಡೆಸಿದ್ದಾರೆ, ಮಾರುವಾಗ ಹೇಳಿಲ್ಲ. ಎರಡು ಹೆಜ್ಜೆ ಹಿಂದೆ ನಿಂತು ನೋಡಿದರೆ ಆ ಬಾಗಿಲಿಗೂ ಮುಂದಿನ ಬಾಗಿಲಿಗೂ ಬಣ್ಣದಲ್ಲಿ ವ್ಯತ್ಯಾಸ ಇದ್ದೇ ಇದೆ. 'ಸಿಲ್ವರ್ ಅಂದ್ರೆ ನಮಗೇ ತಲೆನೋವು ಸಾರ್. ಗನ್ ಪ್ರೆಶರ್ ಚೂರು ಹೆಚ್ಚುಕಮ್ಮಿ ಆದ್ರೂ ಶೇಡ್ ಬೇರೆ' ಅಂದರು. ಅಂದರೆ ಅಷ್ಟೂ ದಿನ ನಾವು ಎರಡು ಬಣ್ಣದ ಕಾರಿನಲ್ಲಿ ಓಡಾಡಿದ್ದೇವೆ, ಮನೆಯಲ್ಲಿ ಯಾರಿಗೂ ಗೊತ್ತೇ ಆಗಿಲ್ಲ! ಅದಾದ ಮೇಲೆ ಬಾನೆಟ್ ಚುಕ್ಕೆಗಳ ಬಗ್ಗೆ ಇದ್ದ ಕಿರಿಕಿರಿ ಅರ್ಧಕ್ಕರ್ಧ ಇಳಿಯಿತು.

ಬಾಳಿಕೆ ವಿಷಯಕ್ಕೆ ಬಂದರೆ ದೂರು ಕಮ್ಮಿ. ಪ್ರೈಮರ್ ಹಾಕಿ ಮಾಡಿದ ಚುಕ್ಕೆಗಳು ಎರಡು ಮಳೆಗಾಲ ನೆನೆದರೂ ಒಂದರಲ್ಲೂ ತುಕ್ಕು ಎದ್ದಿಲ್ಲ. ಎದ್ದು ಹೋದವೆಲ್ಲ ವಾಟರ್ ಸರ್ವಿಸ್‌ನಲ್ಲಿ. ಬಣ್ಣ ಹಚ್ಚಿ ಒಂದು ತಿಂಗಳೂ ಆಗಿರಲಿಲ್ಲ. 'ಬಾನೆಟ್ ಹತ್ತಿರ ಹಿಡಿಯಬೇಡಪ್ಪ' ಅಂತ ಹೇಳಿದರೂ ತೊಳೆಯುವ ಹುಡುಗ ನೀರಿನ ಗನ್ನನ್ನು ಗೇಣು ದೂರದಲ್ಲಿ ಹಿಡಿದ. ಹೆಡ್‌ಲೈಟ್ ಮೇಲಿನ ಚುಕ್ಕೆಗಳು ಚಕ್ಕೆಯಾಗಿ ಹಾರಿಹೋದವು. ಈ ಬಣ್ಣ ಮುಟ್ಟಲು ಒಣಗಿದಂತೆ ಕಂಡರೂ ಒಳಗೆ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅಲ್ಲಿವರೆಗೆ ವ್ಯಾಕ್ಸೂ ಬೇಡ, ಪ್ರೆಶರ್ ನೀರೂ ಬೇಡ, ಬಕೆಟ್ಟು ಮಗ್ಗು ಸಾಕು.

ಬಂಪರಿಗೆ ಈ ಕಿಟ್ ಬಳಸಿ ದುಡ್ಡು ದಂಡ ಮಾಡಬೇಡಿ. ಅದು ಪ್ಲಾಸ್ಟಿಕ್, ತುಕ್ಕು ಹಿಡಿಯುವ ಭಯವೇ ಇಲ್ಲ. ಅದಕ್ಕೆ ಹಿಡಿಯುವ ಪ್ರೈಮರೇ ಬೇರೆ. ಬಂಪರ್ ಮೂಲೆಯಲ್ಲಿ ಗೇಟಿನ ಬಣ್ಣ ಅಂಟಿಕೊಂಡಿದ್ದರೆ ಕಾಂಪೌಂಡ್ ಹಾಕಿ ಉಜ್ಜಿ, ಅರ್ಧದಷ್ಟು 'ಸ್ಕ್ರ್ಯಾಚ್' ಅಲ್ಲೇ ಮಾಯವಾಗುತ್ತದೆ. ಗೀರು ನಮ್ಮ ಕಾರಿನದ್ದಲ್ಲ, ಗೇಟಿನ ಪೇಂಟ್ ಅಷ್ಟೇ. ಬಾಗಿಲ ಹಿಡಿಕೆಯ ಹಿಂದಿನ ಉಗುರಿನ ಗೀರುಗಳಿಗೂ ನಾನು ತ್ರೀಎಂ ಕಾಂಪೌಂಡನ್ನೇ ಬಳಸುವುದು, ಚೆನ್ನಾಗಿದೆ. ಪದೇ ಪದೇ ಉಜ್ಜಬೇಡಿ. ಪ್ರತಿ ಸಲವೂ ಕ್ಲಿಯರ್ ಕೋಟ್ ಒಂಚೂರು ಸವೆಯುತ್ತದೆ. ಹಳೇ ಕಾರಿನಲ್ಲಿ ಹಿಂದಿನವರು ಎಷ್ಟು ಉಜ್ಜಿದ್ದಾರೋ ಯಾರಿಗೆ ಗೊತ್ತು. ಟೂತ್‌ಪೇಸ್ಟ್, ಡಬ್ಲ್ಯುಡಿ-40 ವಿಡಿಯೋಗಳನ್ನು ನಂಬಿ ಕೂರಬೇಡಿ. ಡಬ್ಲ್ಯುಡಿ-40ರ ಎಣ್ಣೆ ಗೀರಿನೊಳಗೆ ತುಂಬಿ ಮುಚ್ಚಿದಂತೆ ಕಾಣುತ್ತದೆ, ಒಂದು ಸಲ ಶಾಂಪೂ ಹಾಕಿ ತೊಳೆದರೆ ಗೀರು ಮತ್ತೆ ಹಾಜರ್.

ಇನ್ನೊಂದು ದೂರು ಕ್ಲಿಯರ್ ಕೋಟ್ ಬಾಟಲಿಯದ್ದು. ಬಣ್ಣ ಇನ್ನೂ ಅರ್ಧ ಉಳಿದಿದೆ, ಕ್ಲಿಯರ್ ಮಾತ್ರ ಅಂಟು ಅಂಟಾಗಿ ಕೊನೆಗೆ ಒಣಗಿಯೇ ಹೋಯಿತು. ಬಾಟಲಿಯ ಕತ್ತಿನಲ್ಲಿ ಲ್ಯಾಕರ್ ಮೆತ್ತಿಕೊಂಡರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಪ್ರತಿ ಸಲ ಥಿನ್ನರ್ ಬಟ್ಟೆಯಲ್ಲಿ ಒರೆಸಿಯೇ ಮುಚ್ಚಬೇಕು. ಕ್ಲಿಯರ್ ಒಂದನ್ನೇ ಬೇರೆಯಾಗಿ ಕೊಡುವುದಿಲ್ಲವಂತೆ, ಪೂರ್ತಿ ಕಿಟ್ ಮತ್ತೆ ತೆಗೆದುಕೊಳ್ಳಬೇಕಂತೆ. ಇದಕ್ಕೇ ಒಂದು ಸ್ಟಾರ್ ಕಡಿಮೆ ಮಾಡಿದ್ದೇನೆ, ಬ್ರಷ್ಷಿಗೆ ಇನ್ನೊಂದು. ಐದಕ್ಕೆ ಮೂರು.

ಪಕ್ಕದ ಮನೆಯವರು ನನ್ನ ಭಾನುವಾರದ ಕೆಲಸ ನೋಡಿ ತಮ್ಮ ಬಿಳಿ ಕಾರಿಗೂ ಹೀಗೇ ಮಾಡಬಹುದಾ ಅಂತ ಕೇಳಿದರು. ಸಾದಾ ಬಿಳಿಯಾದರೆ ಧಾರಾಳವಾಗಿ ಮಾಡಿ, ಅದರಲ್ಲಿ ಮೆಟಾಲಿಕ್ ಚೂರು ಇಲ್ಲ, ನನ್ನದಕ್ಕಿಂತ ಚೆನ್ನಾಗಿ ಕೂರುತ್ತದೆ ಅಂದೆ. ಅವರ ಕಾರು ನೋಡಿದರೆ ಪರ್ಲ್ ವೈಟ್. ಬಿಳಿ ಬೇಸ್, ಅದರ ಮೇಲೆ ಪರ್ಲ್ ಪದರ, ಅದರ ಮೇಲೆ ಕ್ಲಿಯರ್. ಟೂತ್‌ಪಿಕ್ಕಿನಲ್ಲಿ ಆಗುವ ಕೆಲಸ ಅಲ್ಲ ಅದು. ಆಟೋ ಕಾಂಪ್ಲೆಕ್ಸ್‌ನ ಪೇಂಟರ್ ನಂಬರ್ ಕೊಟ್ಟು ಕಳಿಸಿದೆ.