ಹೊಳಪಿಗೆ ಮರುಳಾಗಿ ತಂದ ಕೋಲ್ಟ್ ವುಡ್ಸ್‌ಮನ್: ಎಂಟು ವರ್ಷದ ಬಳಕೆ

ಗುರಿ ಅಭ್ಯಾಸದ ರೇಂಜ್‌ಗೆ ಅಂತ ಹಳೇ ಪಾಯಿಂಟ್ ಟೂ ಟೂ (0.22 ಇಂಚು ಅಳತೆಯ ಸಣ್ಣ ಗುಂಡಿನ) ಪಿಸ್ತೂಲು ಹುಡುಕುವಾಗ ನಾನು ನೋಡಿದ್ದು ಮೇಲಿನ ನೀಲಿ ಹೊಳಪನ್ನು ಮಾತ್ರ. ಅದೇ ತಪ್ಪು.

ನಾನು ತಂದ ವುಡ್ಸ್‌ಮನ್ ಅಮೆರಿಕದ ಕೋಲ್ಟ್ ಕಂಪನಿಯ ಪಿಸ್ತೂಲು, ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಅವರ ವಿನ್ಯಾಸ. 1915ರಿಂದ 1977ರವರೆಗೆ ತಯಾರಾಗುತ್ತಿತ್ತು. ನನ್ನದು 1930ರ ಆಸುಪಾಸಿನದು. ಇಸವಿ ಯಾಕೆ ಮುಖ್ಯ ಅಂದರೆ, 1932ಕ್ಕಿಂತ ಹಿಂದಿನವನ್ನು ಸಾಧಾರಣ ವೇಗದ ಗುಂಡಿಗೆ ಮಾತ್ರ ಮಾಡಿದ್ದು. ಹೈ ವೆಲಾಸಿಟಿ (ಹೆಚ್ಚು ವೇಗದ) ಗುಂಡು ಹಾಕಿದರೆ ಹೊಡೆತ ತಡೆಯುವುದಿಲ್ಲ. ಹಿಡಿಯ ಹಿಂಬದಿ, ಅಂಗೈ ತಾಗುವ ಉಕ್ಕಿನ ತುಂಡು ನೋಡಿ. ಅದರ ಮೇಲೆ ಚೌಕಳಿ ಗೀರುಗಳಿದ್ದರೆ ಹಳೆಯದು, ಅಡ್ಡಗೆರೆಗಳಿದ್ದರೆ ಆಮೇಲಿನದು. ಗೆಳೆಯನೊಬ್ಬ ಪ್ರೀತಿಯಿಂದ ಕೊಟ್ಟ ಹೈ ವೆಲಾಸಿಟಿ ಡಬ್ಬಿ ಇನ್ನೂ ಹಾಗೇ ಇದೆ!

ಕೈಯಲ್ಲಿ ಹಿಡಿದರೆ ಮಾತ್ರ ಸುಖ. ಸಣ್ಣ ಹಿಡಿ, ತೆಳು ಬ್ಯಾರೆಲ್, ಒದೆತ ಇಲ್ಲವೆನ್ನುವಷ್ಟು ಕಡಿಮೆ. ಟ್ರಿಗರ್ ಗರಿಕೆ ಮುರಿದಂತೆ ಚುರುಕಾಗಿ ಬಿಡುತ್ತದೆ. 25 ಮೀಟರ್‌ನಲ್ಲಿ ಗುರಿ ತಪ್ಪಿದರೆ ಅದು ನನ್ನದೇ ತಪ್ಪು.

ಇದರ ಒಂದು ಗುಣಕ್ಕೆ ಒಗ್ಗಿಕೊಳ್ಳಲು ವರ್ಷವೇ ಹಿಡಿಯಿತು. ಮ್ಯಾಗಜೀನ್‌ನಲ್ಲಿ, ಅಂದರೆ ಹಿಡಿಯೊಳಗೆ ಸೇರಿಸುವ ಗುಂಡಿನ ಪೆಟ್ಟಿಗೆಯಲ್ಲಿ, ಹತ್ತು ಗುಂಡು. ಹತ್ತನೆಯದು ಹೋದ ಮೇಲೂ ಸ್ಲೈಡ್, ಅಂದರೆ ಪ್ರತಿ ಹೊಡೆತಕ್ಕೂ ಹಿಂದೆ ಸರಿಯುವ ಮೇಲಿನ ಭಾಗ, ಹಿಂದೆಯೇ ನಿಂತು ಖಾಲಿಯಾಯಿತೆಂದು ತೋರಿಸುವುದಿಲ್ಲ. ಆ ಸೌಲಭ್ಯ ಬಂದಿದ್ದು 1947ರ ನಂತರದ ಸರಣಿಯಲ್ಲಿ. ಲೆಕ್ಕ ತಪ್ಪಿ ಮತ್ತೊಮ್ಮೆ ಟ್ರಿಗರ್ ಒತ್ತಿದರೆ 'ಟಿಕ್' ಅನ್ನುತ್ತದೆ. ಒಳಗೆ ಗುಂಡಿಲ್ಲ, ಹಾಗಾಗಿ ಗುಂಡಿಗೆ ಬಡಿಯಬೇಕಾದ ಫೈರಿಂಗ್ ಪಿನ್ ನೇರವಾಗಿ ಚೇಂಬರಿನ (ಬ್ಯಾರೆಲ್‌ನಲ್ಲಿ ಗುಂಡು ಕೂರುವ ಜಾಗದ) ಅಂಚಿಗೇ ಬಡಿಯುತ್ತದೆ. ಹಿಂದಿನ ಮಾಲೀಕರು ಇದನ್ನು ಎಷ್ಟು ಸಲ ಮಾಡಿದ್ದರೋ! ಮೊದಲ ತಿಂಗಳಲ್ಲೇ ಹಾರಿದ ಗುಂಡಿನ ಖಾಲಿ ಕೇಸುಗಳು (ಕವಚಗಳು) ಒಳಗೇ ಸಿಕ್ಕಿಕೊಳ್ಳತೊಡಗಿದವು. ಟಾರ್ಚ್ ಹಿಡಿದು ನೋಡಿದರೆ ಅಂಚಿನಲ್ಲಿ ಅಕ್ಕಿಕಾಳಿನ ತುದಿಯಷ್ಟು ಜಜ್ಜಿದ ಗುರುತು. ನುರಿತ ರಿಪೇರಿಯವರು ಅದನ್ನು ಸರಿಮಾಡಿ ಕೊಟ್ಟರು. ಅಲ್ಲಿಂದ ಮುಂದೆ ನಾನು ಐದೈದೇ ಗುಂಡು ತುಂಬಿ ಬೆರಳಲ್ಲಿ ಎಣಿಸುತ್ತೇನೆ. ಪಕ್ಕದವರು ನಗುತ್ತಾರೆ, ನಗಲಿ ಬಿಡಿ.

ಮ್ಯಾಗಜೀನ್ ಇನ್ನೊಂದು ತಲೆನೋವು. ಬಾಯಿಯ ಅಂಚು ಕೂದಲೆಳೆಯಷ್ಟು ಬಾಗಿದರೂ ಗುಂಡು ಮೂತಿ ಮೇಲೆತ್ತಿ ಸಿಕ್ಕಿಕೊಳ್ಳುತ್ತದೆ. ಮೊದಲ ಸರಣಿಯ, ಅಂದರೆ ನನ್ನದರಂಥ ಹಳೆಯ ಪಿಸ್ತೂಲಿನ ಮ್ಯಾಗಜೀನ್ 1947ರ ನಂತರದ ಎರಡನೆಯ ಸರಣಿಗೆ ಹೊಂದುವುದೂ ಇಲ್ಲ. ಎರಡು ಮೂರು ಒಳ್ಳೆಯ ಮ್ಯಾಗಜೀನ್ ಜೊತೆಗೆ ಸಿಗದಿದ್ದರೆ ಪಿಸ್ತೂಲು ಎಷ್ಟೇ ಚಂದವಿರಲಿ, ನಾನಾಗಿದ್ದರೆ ಕೈಬಿಡುತ್ತೇನೆ.

ನೀವು ಹುಡುಕುತ್ತಿದ್ದೀರಾ? ಹಾಗಾದರೆ 1947ರ ನಂತರದ್ದೇ ನೋಡಿ. ನನ್ನದನ್ನು ಮಾತ್ರ ಕೇಳಬೇಡಿ, ಕೊಡುವುದಿಲ್ಲ.