ರೀಪರ್: ಎಡಗೈ ಕೀಬೋರ್ಡ್ ಮೇಲೆ, ಬಲಗೈ ಮೌಸ್ ಮೇಲೆ

ಮನೆಯ ಕೋಣೆಯೊಂದರಲ್ಲಿ ಭಾವಗೀತೆ, ದೇವರನಾಮ ರೆಕಾರ್ಡ್ ಮಾಡಿಕೊಡುವವ ನಾನು. ಕೆಲವು ವರ್ಷಗಳಿಂದ ರೀಪರ್ ಒಂದನ್ನೇ ನೆಚ್ಚಿಕೊಂಡಿದ್ದೇನೆ. ಕಂಪ್ಯೂಟರ್‌ನಲ್ಲಿ ಹಾಡು ಕೇಳಿಸುವ ವಿನ್ಯಾಂಪ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರ ಕಾಕೋಸ್ ಕಂಪನಿಯ, ಹಾಡು ರೆಕಾರ್ಡ್ ಮತ್ತು ಎಡಿಟ್ ಮಾಡುವ ಸಾಫ್ಟ್‌ವೇರ್ ಇದು. ಅದರ ಸೌಂಡ್, ಪ್ಲಗಿನ್‌ಗಳ (ಅದರೊಳಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್‌ಗಳ) ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನಾನು ಕೈಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಶಾರ್ಟ್‌ಕಟ್ ಕಲಿತವನು ಮೌಸ್ ಮುಟ್ಟುವುದೇ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕೀಬೋರ್ಡ್ ಗೆಲ್ಲುವುದು ತಬಲಾ ಎಡಿಟಿಂಗ್‌ನಲ್ಲಿ. ಟ್ಯಾಬ್ ಒತ್ತಿದರೆ ಕರ್ಸರ್ ತಬಲಾದ ಮುಂದಿನ ಪೆಟ್ಟು ಬಿದ್ದ ಜಾಗಕ್ಕೆ ಹೋಗಿ ನಿಲ್ಲುತ್ತದೆ, ಎಸ್ ಒತ್ತಿದರೆ ಅಲ್ಲೇ ಕಟ್. ವೇವ್‌ಫಾರ್ಮ್ (ಪರದೆಯ ಮೇಲಿನ ಸದ್ದಿನ ಚಿತ್ರ) ಹಿಗ್ಗಿಸಿ, ಕಣ್ಣು ಕಿರಿದು ಮಾಡಿ, ಮೌಸ್‌ನಿಂದ ಆ ಜಾಗ ಹುಡುಕುವ ಕೆಲಸವೇ ಇಲ್ಲ. ಆದರೆ ‘ನಾ’, ‘ತಿನ್’ ತರಹದ ಚುರುಕು ಪೆಟ್ಟುಗಳಿಗೆ ಮಾತ್ರ ಈ ಮಾತು. ಡಗ್ಗದ ಮೇಲೆ ಅಂಗೈ ಒತ್ತಿ ಎಳೆದ ‘ಘೆ’ ಬಂದರೆ ಟ್ಯಾಬ್ ತಡವರಿಸುತ್ತದೆ. ಕೊಳಲಿನ ಟ್ರ್ಯಾಕ್‌ನಲ್ಲಂತೂ ಅದನ್ನು ನಂಬಲೇಬೇಡಿ.

ನಂಬರ್ ಕೀಗಳು ಇನ್ನೊಂದು ಖುಷಿ. ಎಂ ಒತ್ತಿ ಪಲ್ಲವಿಗೆ ಮೊದಲ ಮಾರ್ಕರ್ (ಗುರುತು), ಚರಣಗಳಿಗೆ ಆಮೇಲಿನವು ಹಾಕಿಟ್ಟರೆ ಸಾಕು, ನಂಬರ್ ಒತ್ತಿದರೆ ಆ ಮಾರ್ಕರ್‌ಗೆ ಹೋಗಬಹುದು. ‘ಅಣ್ಣಾ, ಎರಡನೇ ಚರಣ ಇನ್ನೊಂದ್ಸಲ ತಗೊಳ್ಳೋಣ್ವಾ?’ ಅಂತ ಹಾಡುವವರು ಕೇಳುವಷ್ಟರಲ್ಲಿ 3 ಒತ್ತಿ ಅಲ್ಲಿಗೆ ಹೋಗಿರುತ್ತೇನೆ. ನಾವು ಸ್ಕ್ರಾಲ್ ಮಾಡುತ್ತಾ ಕೂತರೆ ಅವರ ಮೂಡು ಇಳಿದುಹೋಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಸುಮ್ಮನೆ ಕಾಯುವುದು ಎಷ್ಟು ಬೇಸರ ಅಂತ ಅವರನ್ನೇ ಕೇಳಿ.

ಇಷ್ಟಾದರೂ ಬಲಗೈ ಮೌಸ್ ಬಿಡುವುದಿಲ್ಲ. ಫೇಡ್ (ಸದ್ದು ಮೆಲ್ಲಗೆ ಏರುವ, ಇಳಿಯುವ ಗೆರೆ) ಎಳೆಯುವುದು, ವಾಲ್ಯೂಮ್ ಗೆರೆ ತಿದ್ದುವುದು, ಮಿಡಿ ವೀಣೆಗೆ (ಕಂಪ್ಯೂಟರ್ ನುಡಿಸುವ ವೀಣೆಗೆ) ಗಮಕ ಕೊಡಲು ಪಿಚ್ ಬೆಂಡ್, ಅಂದರೆ ಸ್ವರ ಬಾಗಿಸುವ ಗೆರೆ, ಬರೆಯುವುದು, ಇವೆಲ್ಲ ಕಿವಿ ಹೇಳಿದಂತೆ ಕೈ ಜರುಗುವ ಕೆಲಸ. ಯಾವ ಕೀಯೂ ಇದಕ್ಕೆ ಸಮವಲ್ಲ. ಹಾಗಾಗಿ ನಾನು ನೋಡುವುದು ಒಂದೇ: ಶಾರ್ಟ್‌ಕಟ್ ಎಡಗೈಗೆ ಸಿಗುತ್ತದೆಯೇ? ಡಿಲೀಟ್ ಕೀ ಬಲತುದಿಯಲ್ಲಿದೆ. ಅದನ್ನು ಒತ್ತಲು ಪ್ರತಿ ಸಲ ಮೌಸ್ ಬಿಡಬೇಕಾದರೆ ಶಾರ್ಟ್‌ಕಟ್‌ನಿಂದ ಉಳಿಸಿದ ಸಮಯ ಅಲ್ಲಿಗಲ್ಲಿಗೆ ಸರಿಹೋಯಿತು. ನಾನು ಅಳಿಸುವುದನ್ನು ಡಿ ಕೀಗೆ, ಕರ್ಸರ್‌ನ ಎಡಭಾಗ ಕತ್ತರಿಸುವುದನ್ನು ಕ್ಯೂಗೆ, ಬಲಭಾಗವನ್ನು ಇ ಕೀಗೆ ಕೊಟ್ಟುಕೊಂಡಿದ್ದೇನೆ. ಉಸಿರಿನ ಸದ್ದು ತೆಗೆಯುವಾಗ ಎಡಗೈ ಈ ಮೂರು ಕೀ ಬಿಟ್ಟು ಕದಲುವುದೇ ಇಲ್ಲ. ನಾವು ಆರಿಸಿದ ಕೀಗೆ ಮೊದಲೇ ಬೇರೆ ಕೆಲಸವಿದ್ದರೆ ರೀಪರ್ ಎಚ್ಚರಿಸಿ, ನಿಮ್ಮ ಒಪ್ಪಿಗೆ ಪಡೆದೇ ಬದಲಿಸುತ್ತದೆ. ಮೌಸ್‌ಗೂ ಇದೇ ಸ್ವಾತಂತ್ರ್ಯವಿದೆ. ಆಲ್ಟ್ ಹಿಡಿದು ಎಳೆದರೆ ಏನಾಗಬೇಕು, ಡಬಲ್ ಕ್ಲಿಕ್ ಮಾಡಿದರೆ ಏನಾಗಬೇಕು ಎಂಬುದನ್ನು ಪ್ರಿಫರೆನ್ಸಸ್‌ನ ‘ಮೌಸ್ ಮಾಡಿಫೈಯರ್ಸ್’ನಲ್ಲಿ ನಾವೇ ನಿಗದಿಮಾಡಬಹುದು.

ಕಿರಿಕಿರಿಗಳೂ ಇವೆ. ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ತೆರೆಯುವ ಆಕ್ಷನ್ ಪಟ್ಟಿಯಲ್ಲಿ (ರೀಪರ್ ಮಾಡಬಲ್ಲ ಕೆಲಸಗಳ ಪಟ್ಟಿ) ಸಾವಿರಾರು ಸಾಲುಗಳು, ಹೆಸರುಗಳೋ ಗುಮಾಸ್ತರು ಬರೆದಿಟ್ಟ ಹಾಗೆ. ಪ್ಲಗಿನ್ ಕಿಟಕಿ ಮುಂದಿದ್ದಾಗ ಸ್ಪೇಸ್‌ಬಾರ್ ಒತ್ತಿದರೆ ಕೆಲವೊಮ್ಮೆ ಹಾಡು ನಿಲ್ಲುವುದಿಲ್ಲ, ಕೀಯನ್ನು ಪ್ಲಗಿನ್ನೇ ನುಂಗಿಬಿಟ್ಟಿರುತ್ತದೆ. ಮುಖ್ಯ ಕಿಟಕಿಯ ಮೇಲೊಮ್ಮೆ ಕ್ಲಿಕ್ ಮಾಡಿಯೇ ಮುಂದುವರಿಯಬೇಕು. ಇನ್ನು ನನ್ನ ಸಿಸ್ಟಂ ಮುಂದೆ ಬೇರೆ ಎಂಜಿನಿಯರ್ ಕೂತರೆ ಅವರ ಫಜೀತಿ ಬೇಡ!

ದುಡ್ಡಿನ ಮಾತು: 60 ದಿನ ಪೂರ್ತಿ ಬಳಸಿ ನೋಡಬಹುದು, ಏನನ್ನೂ ಬೀಗ ಹಾಕಿಟ್ಟಿಲ್ಲ. ನಮ್ಮಂಥ ಸಣ್ಣವರಿಗೆ ರಿಯಾಯಿತಿ ಲೈಸೆನ್ಸ್ 60 ಡಾಲರ್, ದೊಡ್ಡ ಆದಾಯದವರಿಗೆ 225. 7ನೇ ಆವೃತ್ತಿಗೆ ಕೊಂಡ ಲೈಸೆನ್ಸ್ 8.99ನೇ ಆವೃತ್ತಿಯವರೆಗೂ ನಡೆಯುತ್ತದೆ. ಕೊಂಡವರು ಇಷ್ಟು ಮಾಡಿ: ಶಾರ್ಟ್‌ಕಟ್‌ಗಳು ಕೈಗೆ ಕೂತ ಮೇಲೆ ಆಕ್ಷನ್ ಕಿಟಕಿಯಿಂದಲೇ ಕೀಮ್ಯಾಪ್ (ಯಾವ ಕೀಗೆ ಯಾವ ಕೆಲಸ ಎಂಬ ಫೈಲ್) ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಡಿ. ಪೋರ್ಟಬಲ್ ಇನ್‌ಸ್ಟಾಲ್ ಆಯ್ಕೆಯಿಂದ ರೀಪರ್ ಕೂಡ ಅದೇ ಪೆನ್‌ಡ್ರೈವ್‌ನಲ್ಲಿ ಓಡುತ್ತದೆ. ಬೇರೆ ಸ್ಟುಡಿಯೋಗೆ ಹೋದಾಗ ನಿಮ್ಮ ಡಿ, ಕ್ಯೂ, ಇ ಅಲ್ಲೂ ಸಿಗುತ್ತವೆ.