ಮಲ್ಪೆಯ ಅಲೆಗೆ ಸ್ಪಿರ್-ವಿ ಕ್ರಾಸ್ ಒಗ್ಗಿತು, ನಾಗಾ ಒಗ್ಗಲಿಲ್ಲ

ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಆ ಬಿಡುವಿನಲ್ಲಿ ದ್ವೀಪದ ಕಂಬಬಂಡೆಗಳನ್ನೂ ಸುತ್ತಲಿನ ಅಲೆಗಳನ್ನೂ ಕಂಪ್ಯೂಟರಿನಲ್ಲಿ ಮಾಡಲು ಕುಳಿತೆ. ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಗೆಂದು ಬರೆದ ಶೇಡರ್‌ಗಳು (ಆಕಾರ, ಬಣ್ಣಗಳ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂಗಳು) ಸ್ಪಿರ್-ವಿ ಎಂಬ ಯಂತ್ರ ಓದುವ ರೂಪದಲ್ಲಿದ್ದವು. ಭಾವನ ಹಳೆಯ ಮೊಬೈಲಿನ ಬ್ರೌಸರಿನಲ್ಲೂ ಓಡಬೇಕಾದರೆ ಅವನ್ನು ಬ್ರೌಸರಿನ ಗ್ರಾಫಿಕ್ಸ್ ವ್ಯವಸ್ಥೆಯಾದ ವೆಬ್‌ಜಿಎಲ್ 2ರ ಶೇಡರ್ ಭಾಷೆ ಜಿಎಲ್‌ಎಸ್‌ಎಲ್‌ಗೆ ತಿರುಗಿಸಬೇಕು. ಹೀಗೆ ತಿರುಗಿಸಿಕೊಡುವ ಸಾಧನಗಳಲ್ಲಿ ಕ್ರೋನೋಸ್ ಸಂಸ್ಥೆಯ ಸ್ಪಿರ್-ವಿ ಕ್ರಾಸ್, ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ನಾಗಾ ಎರಡನ್ನೂ ಬಳಸಿದೆ. ಈಗ ನನ್ನ ಬಳಿ ಉಳಿದಿರುವುದು ಕ್ರಾಸ್ ಮಾತ್ರ.

ಮೊದಲು ಹಿಡಿದದ್ದು ನಾಗಾವನ್ನು. ಅಲೆಗಳು ಚೆನ್ನಾಗಿಯೇ ಎದ್ದವು, ಆದರೆ ನೀರಿನ ಮೇಲಿನ ಬಿಸಿಲಿನ ಮಿನುಗು ಕಲ್ಲಿನಂತೆ ನಿಂತಿತ್ತು. ಕ್ಯಾಮೆರಾ ತಿರುಗಿಸಿದರೆ ಮಾತ್ರ ಅಲುಗಾಡುತ್ತಿತ್ತು. ಕನ್ಸೋಲಿನಲ್ಲಿ ಒಂದು ದೋಷವೂ ಇಲ್ಲ. ಮೂರು ರಾತ್ರಿ ನನ್ನ ಲೆಕ್ಕವನ್ನೇ ಮತ್ತೆ ಮತ್ತೆ ತಿದ್ದಿದೆ.

ನಾಲ್ಕನೆಯ ರಾತ್ರಿ, ಹೊರಬಂದ ಜಿಎಲ್‌ಎಸ್‌ಎಲ್ ಅನ್ನು ಸಾಲುಸಾಲಾಗಿ ಓದಿದಾಗ ಕಾರಣ ಸಿಕ್ಕಿತು. ನಾಗಾ ಪ್ರತಿ ಯೂನಿಫಾರ್ಮ್ ಬ್ಲಾಕಿನ (ಸಮಯದಂತಹ ಮೌಲ್ಯಗಳನ್ನು ಹೊರಗಿನಿಂದ ಶೇಡರಿಗೆ ಕೊಡುವ ಕಟ್ಟು) ಹೆಸರಿಗೆ ಅದು ಯಾವ ಹಂತದ್ದೆಂದು ಬಾಲ ಅಂಟಿಸುತ್ತದೆ. ನನ್ನ ಒಂದೇ ‘ಅಲೆ’ ಬ್ಲಾಕ್ ಆಕಾರ ನಿಲ್ಲಿಸುವ ವರ್ಟೆಕ್ಸ್ ಹಂತಕ್ಕೊಂದು, ಬಣ್ಣ ತುಂಬುವ ಫ್ರಾಗ್ಮೆಂಟ್ ಹಂತಕ್ಕೊಂದು ಎಂದು ಎರಡಾಗಿತ್ತು. ವೆಬ್‌ಜಿಎಲ್ 2 ಬಳಸುವ ಜಿಎಲ್‌ಎಸ್‌ಎಲ್ ಇಎಸ್ 3.00ರಲ್ಲಿ ಬೈಂಡಿಂಗ್ ಸಂಖ್ಯೆಯನ್ನು, ಅಂದರೆ ಬ್ಲಾಕ್ ಯಾವ ಸ್ಥಾನದಿಂದ ಓದಬೇಕೆಂಬುದನ್ನು, ಶೇಡರಿನೊಳಗೆ ಬರೆಯಲು ಬರುವುದಿಲ್ಲ. ಹೆಸರು ಹುಡುಕಿ ಹೊರಗಿನಿಂದ ಜೋಡಿಸಬೇಕು. ವರ್ಟೆಕ್ಸ್‌ನದನ್ನು 1ಕ್ಕೆ ಜೋಡಿಸಿದ್ದೆ. ಫ್ರಾಗ್ಮೆಂಟ್‌ನದು ಯಾರೂ ಮುಟ್ಟದೆ 0ಯಲ್ಲೇ ಉಳಿದು, ಅಲ್ಲಿದ್ದ ಕ್ಯಾಮೆರಾ ಮ್ಯಾಟ್ರಿಕ್ಸಿನ ಮೊದಲ ಸಂಖ್ಯೆಯನ್ನು ‘ಸಮಯ’ ಎಂದು ಓದುತ್ತಿತ್ತು! ಯಾವ ಹೆಸರು ಏನಾಯಿತೆಂಬ ಪಟ್ಟಿಯನ್ನು ನಾಗಾದ ಲೈಬ್ರರಿ ಕೊಡುತ್ತದೆ, ಆದರೆ ಅದನ್ನು ಪಡೆಯಲು ರಸ್ಟ್ ಬರೆಯಬೇಕು. ನನ್ನ ಕೈಗೆ ಪಳಗಿದ್ದು ಸಿ++.

ಕ್ರಾಸ್ ಎರಡೂ ಹಂತಗಳಲ್ಲಿ ನಾನಿಟ್ಟ ಹೆಸರನ್ನೇ ಉಳಿಸಿತು. ಬ್ಲಾಕ್ ಒಂದೇ, ಜೋಡಣೆಯೂ ಒಂದೇ. ಆದರೆ ಕಡತದ ಗಾತ್ರ ಇಳಿಸಲು ಹೋಗಿ ಸ್ಪಿರ್-ವಿಯೊಳಗಿನ ಹೆಸರುಗಳನ್ನು ಅಳಿಸಬೇಡಿ. ಅಳಿಸಿದರೆ ‘_19’ರಂತಹ ಅಂಕಿಗಳು ಮಾತ್ರ ಸಿಗುತ್ತವೆ.

ಚಿತ್ರ ಮತ್ತು ಸ್ಯಾಂಪ್ಲರ್ (ಚಿತ್ರದಿಂದ ಬಣ್ಣ ಹೇಗೆ ಓದಬೇಕೆಂಬ ನಿಯಮ) ಒಂದಾಗಿರುವ ಹಳೆಯ ಶೇಡರ್‌ಗಳನ್ನು ಕ್ರಾಸ್ ಹಾಗೆಯೇ ತೆಗೆದುಕೊಂಡಿತು. ನಾಗಾಕ್ಕಾಗಿ ಅವನ್ನು ಕೈಯಾರೆ ಬಿಡಿಸಿ ಬರೆದಿದ್ದೆ.

ಕ್ರಾಸ್‌ನಲ್ಲಿ ಕಿರಿಕಿರಿ ಇಲ್ಲವೆಂದಲ್ಲ. ಮೊದಲ ಸಲ ದ್ವೀಪ ತಲೆಕೆಳಗಾಗಿ ನೇತಾಡಿತು. ಲಂಬ ದಿಕ್ಕನ್ನು ತಿರುಗಿಸಲು ಒಂದು ಆಯ್ಕೆ, ವಲ್ಕನ್‌ನ 0ಯಿಂದ 1ರ ಆಳವನ್ನು ವೆಬ್‌ಜಿಎಲ್‌ನ -1ರಿಂದ 1ಕ್ಕೆ ಹಿಗ್ಗಿಸಲು ಇನ್ನೊಂದು ಆಯ್ಕೆ ಕೊಟ್ಟ ಮೇಲೆ ಸರಿಹೋಯಿತು.

ದೋಷ ಹಿಡಿಯುವುದರಲ್ಲಿ ನಾಗಾ ಮೇಲು; ತಿರುಗಿಸಿ ಬರೆಯುವ ಮುನ್ನ ಶೇಡರನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುತ್ತದೆ. ವೆಬ್‌ಜಿಪಿಯು ಎಂಬ ಹೊಸ ಬ್ರೌಸರ್ ಗ್ರಾಫಿಕ್ಸ್ ವ್ಯವಸ್ಥೆಯ ಶೇಡರ್ ಭಾಷೆ ಡಬ್ಲ್ಯುಜಿಎಸ್‌ಎಲ್ ಬೇಕಾದವರು ಅದನ್ನೇ ಹಿಡಿಯಬೇಕು, ಕ್ರಾಸ್‌ಗೆ ಆ ಭಾಷೆ ಬಾರದು. ನನಗೆ ಬೇಕಿದ್ದದ್ದು ವೆಬ್‌ಜಿಎಲ್ ಮಾತ್ರ. ಎರಡೂ ಉಚಿತವಾದ್ದರಿಂದ ನನ್ನ ಖರ್ಚೆಲ್ಲ ರಾತ್ರಿಗಳ ಲೆಕ್ಕದಲ್ಲಿ. ಹಳೆಯ ಲ್ಯಾಪ್‌ಟಾಪಿನಲ್ಲಿ, ಬೇರೆ ಲೈಬ್ರರಿಗಳ ಹಂಗಿಲ್ಲದೆ, ಕ್ರಾಸ್ ನನ್ನ ಸಿ++ ಕೋಡಿನ ಜೊತೆಗೇ ಕಟ್ಟಿಕೊಳ್ಳುತ್ತದೆ. ಭಾವನ ಮೊಬೈಲಿನಲ್ಲಿ ಮಿನುಗು ಈಗ ಅಲೆಯ ಜೊತೆಯಲ್ಲೇ ಸಾಗುತ್ತಿದೆ.